ಗೋಡೆಗೆ ಜೋಡಿಸಿದ ರೆಡಿಮೇಡ್ ಬಾಲ್ಕನಿ: ತೇವ, ಬಿರುಕು, ಅಲುಗಾಟ ಕಂಡಾಗ ಎಲ್ಲಿಂದ ನೋಡಬೇಕು

ಆರಿದ್ರಾ ಮಳೆ ಹಿಡಿದು ಮೂರು ದಿನವಾದರೆ ಸಾಕು, ನನ್ನ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ಒಬ್ಬರ ಮನೆಯಲ್ಲಿ ಬಾಲ್ಕನಿ ಬಾಗಿಲ ಪಕ್ಕದ ಗೋಡೆ ನೆನೆದಿರುತ್ತದೆ, ಇನ್ನೊಬ್ಬರಿಗೆ ಬಾಲ್ಕನಿಯ ಹೊಟ್ಟೆಯಲ್ಲಿ ಬಿರುಕು ಕಂಡಿರುತ್ತದೆ, ಮತ್ತೊಬ್ಬರಲ್ಲಿ ಮಕ್ಕಳು ಕುಣಿದರೆ ಕಟಾಂಜನ (ರೇಲಿಂಗ್) ನಡುಗುತ್ತದೆ. ಹೋಗಿ ನೋಡಿದರೆ ಹೆದರಿಕೆ ಹುಟ್ಟಿಸಿದ ಗುರುತು ಎಷ್ಟೋ ಸಲ ನಿರುಪದ್ರವಿ. ಮನೆಯವರು ಗಮನಿಸದೇ ಬಿಟ್ಟ ಗುರುತೇ ಅಪಾಯದ್ದು. ಬಾಲ್ಕನಿಯನ್ನು ಎಲ್ಲರೂ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡುತ್ತಾರೆ. ಅದರ ಜೀವ ಇರುವುದು ಮೇಲ್ಮೈಯಲ್ಲಿ, ಗೋಡೆಗೆ ತಾಗುವ ಒಂದು ಗೇಣಿನೊಳಗೆ, ಅದೂ ಟೈಲ್ಸಿನ ಅಡಿಯಲ್ಲಿ.

ಮೊದಲು ತಿಳಿಯಬೇಕಾದದ್ದು: ಬಾಲ್ಕನಿಯನ್ನು ಹಿಡಿದಿರುವುದು ಯಾವುದು?

ಇಲ್ಲಿ ಹೇಳುತ್ತಿರುವುದು ಯಾರ್ಡಿನಲ್ಲಿ ಎರಕ ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ ಕೂರಿಸಿದ ಪ್ರೀಕಾಸ್ಟ್ ಬಾಲ್ಕನಿಗಳ ವಿಷಯ. ಜೋಡಣೆ ಮುಖ್ಯವಾಗಿ ಮೂರು ಬಗೆ. ಬಾಲ್ಕನಿಯ ಹಿಂಬದಿಯಿಂದ ಚಾಚಿದ ಸರಳುಗಳನ್ನು ಮನೆಯೊಳಗಿನ ಸ್ಲ್ಯಾಬಿನ ಕಬ್ಬಿಣದ ಜೊತೆ ಹೆಣೆದು ಕಾಂಕ್ರೀಟು ತುಂಬಿದ್ದು ಒಂದು. ಉಕ್ಕಿನ ಪ್ಲೇಟು, ಬ್ರಾಕೆಟ್ಟುಗಳ ಮೂಲಕ ಬೀಮಿಗೆ ಬೋಲ್ಟು ಹಾಕಿದ್ದು ಇನ್ನೊಂದು. ಮುಂಭಾಗವನ್ನು ಮೇಲಿನಿಂದ ಉಕ್ಕಿನ ಸರಳಿನಲ್ಲಿ ತೂಗುಹಾಕಿದ್ದು ಅಥವಾ ತನ್ನದೇ ಕಂಬಗಳ ಮೇಲೆ ನಿಲ್ಲಿಸಿದ್ದು ಮೂರನೆಯದು. ಕೆಳಗಿನಿಂದ ನೋಡಿದಾಗ ಪ್ಲೇಟು, ಬೋಲ್ಟು, ಕಂಬ, ತೂಗುಸರಳು ಏನೂ ಕಾಣದಿದ್ದರೆ ನಿಮ್ಮದು ಮೊದಲ ಬಗೆ ಎಂದುಕೊಳ್ಳಿ. ನಕ್ಷೆ ಇದ್ದರೆ ತೆಗೆದಿಟ್ಟುಕೊಳ್ಳಿ. ಬರುವ ಇಂಜಿನಿಯರ್ ಮೊದಲು ಕೇಳುವುದು ಅದನ್ನೇ.

ನಮ್ಮ ಮಲೆನಾಡಿನ ಕಡೆ ಗೋಡೆಯೆಂದರೆ ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲು. ಬಾಲ್ಕನಿಯ ಭಾರವನ್ನು ಆ ಗೋಡೆಯ ಹಿಂದಿರುವ ಕಾಂಕ್ರೀಟ್ ಬೀಮ್ ಅಥವಾ ಸ್ಲ್ಯಾಬ್ ಹೊರಬೇಕು, ಗೋಡೆಯಲ್ಲ. ಜಂಬಿಟ್ಟಿಗೆ ಕಲ್ಲಿಗೆ ಭಾರತೀಯ ಮಾನಕ ಕೇಳುವ ಕನಿಷ್ಠ ಒತ್ತಡ ತಾಳಿಕೆ ಚದರ ಮಿಲಿಮೀಟರಿಗೆ 3.5 ನ್ಯೂಟನ್, ಎಂ30 ಎಂಬ ದರ್ಜೆಯ ಕಾಂಕ್ರೀಟಿನದು 30. ಇದು ಒತ್ತುವ ಬಲದ ಮಾತು. ಎಳೆಯುವ ಬಲಕ್ಕೆ ಜಂಬಿಟ್ಟಿಗೆಯನ್ನು ನಂಬಿಕೊಳ್ಳುವುದೇ ಬೇಡ. ತೂತು ತುಂಬಿದ ಆ ಕಲ್ಲಿಗೆ ಕೊರೆದು ಕೂರಿಸಿದ ಬೋಲ್ಟಿನ ಮೇಲೆ ಬಾಲ್ಕನಿ ನಿಂತಿದೆ ಎಂದು ಗೊತ್ತಾದರೆ ಲಕ್ಷಣ ಹುಡುಕುವ ಅಗತ್ಯವಿಲ್ಲ, ಅದೇ ದೋಷ.

ಒಂದು ಲೆಕ್ಕ ನೋಡಿ. 3 ಮೀಟರ್ ಉದ್ದ, 1.2 ಮೀಟರ್ ಚಾಚು, 150 ಮಿ.ಮೀ. ದಪ್ಪದ ಬಾಲ್ಕನಿಗೆ ಘನ ಮೀಟರಿಗೆ 2,500 ಕೆ.ಜಿ.ಯಂತೆ ಮೈಭಾರವೇ 1,350 ಕೆ.ಜಿ. ಈ ಭಾರದ ಮಧ್ಯಬಿಂದು ಗೋಡೆಯಿಂದ 60 ಸೆಂ.ಮೀ. ಆಚೆಗಿದೆ. ಅದನ್ನು ಹಿಂದಕ್ಕೆ ಎಳೆದು ಹಿಡಿಯುವ ಮೇಲಿನ ಸರಳಿಗೂ ಕೆಳಗೆ ಒತ್ತಿ ನಿಲ್ಲುವ ಕಾಂಕ್ರೀಟಿಗೂ ನಡುವೆ ಸಿಗುವ ಅಂತರ ಸುಮಾರು 10 ಸೆಂ.ಮೀ. ಸನ್ನೆಗೋಲಿನ ಲೆಕ್ಕದಲ್ಲಿ ಇದು ಆರು ಪಟ್ಟು. ಒಬ್ಬರೂ ನಿಲ್ಲದ ಖಾಲಿ ಬಾಲ್ಕನಿಯಲ್ಲೇ ಮೇಲಿನ ಸರಳುಗಳ ಮೇಲೆ 8 ಟನ್ ಎಳೆತ! ನೀರು ಇಳಿದು ಆ ಸರಳುಗಳನ್ನು ತಿನ್ನತೊಡಗಿದರೆ ಹೊರಗೆ ಕಾಣಲು ವರ್ಷಗಳೇ ಬೇಕು, ಮುರಿಯಲು ಕ್ಷಣ ಸಾಕು. ಕಂಬ, ತೂಗುಸರಳು ಇಲ್ಲದೆ ಒಂದೇ ಬದಿಯ ಹಿಡಿತದಲ್ಲಿ ನಿಂತ ಇಂಥ ಚಾಚು ಬಾಲ್ಕನಿಗೆ ಭಾರ ಹಂಚಿಕೊಳ್ಳುವ ಎರಡನೆಯ ದಾರಿ ಇರುವುದಿಲ್ಲ.

ಇವು ಕಂಡರೆ ಪರೀಕ್ಷೆ ಬೇಡ, ಜಾಗ ಖಾಲಿ ಮಾಡಿ

ಬಾಲ್ಕನಿಯ ಮೇಲ್ಮೈಯಲ್ಲಿ ಗೋಡೆಯುದ್ದಕ್ಕೂ ಹೊಸ ಬಿರುಕು ತೆರೆದು, ಅದು ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ; ಹೊರ ಅಂಚು ಕಣ್ಣಿಗೇ ಕಾಣುವಂತೆ ತಗ್ಗಿದ್ದರೆ; ಗೋಡೆಯ ಸಮೀಪ ಕಾಂಕ್ರೀಟು ಚಕ್ಕೆ ಎದ್ದು ಸರಳು ಹೊರಗೆ ಕಾಣುತ್ತಿದ್ದರೆ; ಬ್ರಾಕೆಟ್ಟಿನ ಪ್ಲೇಟು ಬೀಮಿನಿಂದ ದೂರ ಸರಿದಿದ್ದರೆ ಅಥವಾ ನಟ್ಟು ಕೆಳಗೆ ಬಿದ್ದು ಸಿಕ್ಕಿದ್ದರೆ; ಭಾರ ಬಿದ್ದಾಗ ಲಟಕ್ ಎಂಬ ಸದ್ದು ಬಂದಿದ್ದರೆ, ಮುಂದಿನ ಯಾವ ತಪಾಸಣೆಯನ್ನೂ ನೀವು ಮಾಡಬೇಡಿ. ಬಾಗಿಲಿಗೆ ಬೀಗ ಹಾಕಿ. ಕೆಳಗೆ ಬಾಲ್ಕನಿಯ ನೆರಳಿಗಿಂತ ಎರಡು ಪಟ್ಟು ಜಾಗಕ್ಕೆ ಹಗ್ಗ ಕಟ್ಟಿ, ಅಲ್ಲಿ ನಿಲ್ಲಿಸಿದ ಸ್ಕೂಟರನ್ನು ತರಲು ಸಹ ಹೋಗಬೇಡಿ. ಅದರ ಮೇಲಿನ ಹೂಕುಂಡಗಳ ಆಸೆ ಬಿಡಿ. ಆಧಾರ ಕೊಡೋಣವೆಂದು ಅಡಿಯಲ್ಲಿ ನಿಂತು ಬಿದಿರು ಚುಚ್ಚುವುದಂತೂ ಬೇಡವೇ ಬೇಡ.

ರಚನಾ ಇಂಜಿನಿಯರನ್ನು ಕರೆಯಿರಿ. ಬಾಲ್ಕನಿ ರಸ್ತೆಯ ಮೇಲೆ ಚಾಚಿದ್ದರೆ 112ಕ್ಕೂ ಸ್ಥಳೀಯ ಸಂಸ್ಥೆಗೂ ತಿಳಿಸಿ. ವಿದ್ಯುತ್ ತಂತಿ ಹತ್ತಿರವಿದ್ದರೆ ಮೆಸ್ಕಾಂನ 1912ಕ್ಕೆ. ತಂತಿಯ ಬಳಿ ಏಣಿ, ಕಬ್ಬಿಣದ ಪೈಪು ಎತ್ತುವ ಕೆಲಸ ಯಾವ ಕಾರಣಕ್ಕೂ ಬೇಡ. ಒದ್ದೆ ಏಣಿ, ಪಾಚಿ ಹಿಡಿದ ಅಂಗಳ ಎರಡೂ ಸೇರಿದರೆ ಬಾಲ್ಕನಿ ಬೀಳುವ ಮೊದಲು ನೀವೇ ಬೀಳುತ್ತೀರಿ.

ಲಕ್ಷಣ: ಬಾಲ್ಕನಿ ಬಾಗಿಲ ಪಕ್ಕದ ಒಳಗೋಡೆ ನೆನೆಯುತ್ತಿದೆ

ಅತಿ ಹೆಚ್ಚು ಬರುವ ದೂರು ಇದು, ಅತಿ ಹೆಚ್ಚು ತಪ್ಪು ರಿಪೇರಿ ಆಗುವುದೂ ಇದರಲ್ಲೇ. ತೀರ್ಥಹಳ್ಳಿ ರಸ್ತೆಯ ಒಂದು ಮನೆಯಲ್ಲಿ ಮೂರು ವರ್ಷ ಮೂರು ಸಲ ಪುಟ್ಟಿ ಬಳಿದು ಬಣ್ಣ ಹೊಡೆಸಿದ್ದರು. ನಾಲ್ಕನೆಯ ಸಲ ನನ್ನನ್ನು ಕರೆದರು. ನಾನು ಮೊಮ್ಮಗನ ಹತ್ತಿರ ಒಂದು ಗೋಲಿ ಕೇಳಿ ಬಾಲ್ಕನಿಯ ನಡುವೆ ಇಟ್ಟೆ. ಅದು ನಿಧಾನಕ್ಕೆ ಉರುಳಿ ಹೊರಗಿನ ಕೊಳವೆಯತ್ತ ಹೋಗುವ ಬದಲು ಹೊಸ್ತಿಲಿಗೆ ಬಂದು ಟಕ್ ಎಂದಿತು. ಯಜಮಾನರು ಏನೂ ಹೇಳಲಿಲ್ಲ, ಬಣ್ಣದ ಖಾಲಿ ಡಬ್ಬಗಳ ಕಡೆ ಒಮ್ಮೆ ನೋಡಿದರು.

ಮೊದಲ ಪರೀಕ್ಷೆ ಸಮಯದ್ದು, ದುಡ್ಡು ಬೇಡ. ತೇವ ಯಾವಾಗ ಏರುತ್ತದೆ ಎಂದು ಒಂದು ವಾರ ಗೋಡೆಯ ಮೇಲೆ ಪೆನ್ಸಿಲಿನಿಂದ ಅಂಚು ಗುರುತಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಗಾಳಿಮಳೆ ಎರಚಲು ಹೊಡೆದ ಗಂಟೆಯೊಳಗೆ ಏರಿದರೆ ಬಾಲ್ಕನಿಗೂ ಗೋಡೆಗೂ ನಡುವಿನ ಸಂದು ಬಾಯಿಬಿಟ್ಟಿದೆ. ಮಳೆ ನಿಂತ ಮರುದಿನ ಏರಿದರೆ ನೀರು ಟೈಲ್ಸಿನ ಅಡಿಯ ಗಾರೆಯಲ್ಲಿ ನಿಂತು ಒಳಗೆ ಜಿನುಗುತ್ತಿದೆ. ಬಿಸಿಲಿದ್ದರೂ ತೇವ ಆರದಿದ್ದರೆ ಗೋಡೆಯೊಳಗಿನ ನೀರಿನ ಪೈಪನ್ನು ಅನುಮಾನಿಸಿ, ಬಾಲ್ಕನಿಯನ್ನು ಬಿಟ್ಟುಬಿಡಿ. ನೈಋತ್ಯ ಮುಂಗಾರಿನ ಎರಚಲು ಹೊಡೆಯುವುದು ಹೆಚ್ಚಾಗಿ ಪಶ್ಚಿಮ, ನೈಋತ್ಯ ಮುಖಕ್ಕೆ. ಹೊಸನಗರ, ಮಾಸ್ತಿಕಟ್ಟೆ ಕಡೆಯ ಮನೆಗಳಲ್ಲಿ ಪೂರ್ವದ ಬಾಲ್ಕನಿ ಒಣಗಿಕೊಂಡಿದ್ದು ಪಶ್ಚಿಮದ್ದು ಸೋರುತ್ತಿದ್ದರೆ ಕೆಲಸಗಾರರ ತಪ್ಪಿಗಿಂತ ದಿಕ್ಕಿನದು ದೊಡ್ಡದು.

ಎರಡನೆಯದು ನೀರು ಹೊರಹೋಗುವ ಕೊಳವೆ. ಅಡಿಕೆ ಸಿಪ್ಪೆ, ಮಾವಿನೆಲೆ, ಪಾಚಿ ಸೇರಿ ಅದು ಕಟ್ಟಿಕೊಂಡಿದ್ದರೆ ಬೆರಳು ಹಾಕಿ ತೆಗೆಯಿರಿ. ನನ್ನ ಅನುಭವದಲ್ಲಿ ಎಷ್ಟೋ ದೂರುಗಳು ಇಲ್ಲಿಗೇ ಮುಗಿದಿವೆ. ಮೂರನೆಯದು ಗೋಲಿ. 1.2 ಮೀಟರ್ ಚಾಚಿಗೆ ಹೊರಗಡೆಗೆ 12ರಿಂದ 20 ಮಿ.ಮೀ. ಇಳಿಜಾರು ಇರಬೇಕು. ಗೋಲಿ ಮನೆಯತ್ತ ಬಂದರೆ ಕೂರಿಸುವಾಗ ಅಡಿಗೆ ಇಟ್ಟ ತಗಡಿನ ಪಟ್ಟಿಗಳು ಹೆಚ್ಚುಕಡಿಮೆಯಾಗಿವೆ ಅಥವಾ ಟೈಲ್ಸ್ ಹಾಕಿದವರು ಮಟ್ಟ ತಪ್ಪಿದ್ದಾರೆ. ಇದನ್ನು ಸರಿಪಡಿಸಲು ಹಳೆಯ ಟೈಲ್ಸಿನ ಮೇಲೆಯೇ ಗಾರೆ ಹಾಕಿ ಎತ್ತರಿಸುವವರಿದ್ದಾರೆ. ಮೇಲಿನ ಅಳತೆಯ ಬಾಲ್ಕನಿಗೆ 50 ಮಿ.ಮೀ. ಗಾರೆಯೆಂದರೆ ಹತ್ತಿರಹತ್ತಿರ 400 ಕೆ.ಜಿ. ಹೊಸ ಭಾರ. ಹಳೆಯದನ್ನು ತೆಗೆಸದೆ ಹೊಸದನ್ನು ಹಾಕಿಸಬೇಡಿ. ತೆಗೆಯುವಾಗಲೂ ಗೋಡೆಯ ಸಮೀಪದ ಒಂದು ಗೇಣು ಜಾಗದಲ್ಲಿ ಬ್ರೇಕರ್ ಯಂತ್ರ ಬೇಡ, ಚಾಣ ಸುತ್ತಿಗೆಯ ಮೆಲುಪೆಟ್ಟೇ ಸಾಕು.

ನಾಲ್ಕನೆಯದು ಸಂದಿನ ಸೀಲೆಂಟ್. ಬೆರಳಿನಿಂದ ಒತ್ತಿದರೆ ರಬ್ಬರಿನಂತೆ ಒಳಹೋಗಿ ಮರಳಿ ಬರಬೇಕು. ಗಟ್ಟಿಯಾಗಿದ್ದರೆ, ಒಂದು ಅಂಚು ಬಿಟ್ಟುಕೊಂಡಿದ್ದರೆ ಆಯಸ್ಸು ಮುಗಿದಿದೆ. ಹೊಸದನ್ನು ಹಾಕುವಾಗ ಒಳಗೆ ಫೋಮಿನ ಹುರಿ ತುರುಕಿ, ಮೇಲೆ ಪಾಲಿಯುರೆಥೇನ್ ಸೀಲೆಂಟನ್ನು ಸಂದಿನ ಅಗಲದ ಅರ್ಧದಷ್ಟು ಆಳಕ್ಕೆ ಹಾಕಬೇಕು. ಹುರಿಯಿಲ್ಲದೆ ತುಂಬಿದರೆ ಅದು ಮೂರು ಬದಿಗೂ ಅಂಟಿ, ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಹರಿಯುತ್ತದೆ. ಸಿಮೆಂಟು ತುಂಬುವುದಂತೂ ಒಂದು ಬೇಸಿಗೆಯ ಪರಿಹಾರ.

ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸ ಕಲಿಯುವ ದಿನಗಳಲ್ಲಿ ಒಂದು ಬಾಲ್ಕನಿಯ ಮೇಲಿನ ಸಂದನ್ನೂ ಕೆಳಗಿನ ಸಂದನ್ನೂ ಚೆನ್ನಾಗಿ ಮುಚ್ಚಿ ಬೆನ್ನು ತಟ್ಟಿಕೊಂಡಿದ್ದೆ. ಮರುವರ್ಷ ಗೋಡೆ ಹಿಂದಿಗಿಂತ ಹೆಚ್ಚು ನೆನೆಯಿತು. ಎಲ್ಲಿಂದಲೋ ಒಳಹೊಕ್ಕ ನೀರಿಗೆ ಹೊರಬರಲು ದಾರಿಯೇ ಇರಲಿಲ್ಲ. ಮೇಲೆ ಮುಚ್ಚಿ, ಕೆಳಗೆ ಅಲ್ಲಲ್ಲಿ ಉಸಿರು ಬಿಡಿ.

ಇಷ್ಟಕ್ಕೂ ಮೂಲ ಸಿಗದಿದ್ದರೆ ಪೈಪಿನಿಂದ ನೀರು ಬಿಟ್ಟು ನೋಡುವುದು ಉಳಿದಿದೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಬಾಲ್ಕನಿಗಿಂತ ಕೆಳಗಿನ ಗೋಡೆ, ಕಾಲು ಗಂಟೆ ಕಾಯಿರಿ. ಆಮೇಲೆ ನೆಲದ ಸಂದು. ಆಮೇಲೆ ಬಾಗಿಲ ಚೌಕಟ್ಟು. ಕೊನೆಗೆ ಮೇಲಿನ ಗೋಡೆ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಕಳ್ಳ ಯಾರೆಂದು ಗೊತ್ತಾಗುವುದಿಲ್ಲ. ಒಳಗೋಡೆಯ ಆ ಭಾಗದಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಮೊದಲು ಮೇನ್ ಆರಿಸಿ.

ಲಕ್ಷಣ: ಅಡಿಭಾಗದಲ್ಲಿ ಬಿಳಿ ಪುಡಿ, ಬಿಳಿ ಇಳಿಗೆರೆ

ಕಾಂಕ್ರೀಟಿನ ಮೂಲಕ ಹಾದುಬಂದ ನೀರು ಅದರೊಳಗಿನ ಸುಣ್ಣವನ್ನು ಕರಗಿಸಿ ತಂದು, ಗಾಳಿ ತಾಗಿದಲ್ಲಿ ಬಿಟ್ಟುಹೋಗುತ್ತದೆ. ಪುಡಿ ಅಪಾಯವಲ್ಲ, ನೀರಿನ ದಾರಿ ತೋರಿಸುವ ಗುರುತು. ಉಜ್ಜಿ ತೆಗೆದು ದಿನಾಂಕ ಬರೆದಿಡಿ. ಹೊರ ಅಂಚಿನಲ್ಲಿ ಬಂದರೆ ಅಡಿಯಲ್ಲಿ ನೀರು ತೊಟ್ಟಿಕ್ಕಿಸುವ ಗಾಡಿ (ತೋಡಿದ ಗೀರು) ಇದೆಯೇ ನೋಡಿ. ಅಂಚಿನಿಂದ ಎರಡು ಬೆರಳು ಒಳಗೆ ಉದ್ದಕ್ಕೂ ಒಂದು ಗೀರು ಇರಬೇಕು. ಇಲ್ಲದಿದ್ದರೆ ನೀರು ಹೊಟ್ಟೆಯಡಿ ಹರಿದು ಗೋಡೆಯವರೆಗೂ ಬರುತ್ತದೆ. ಸಮತಟ್ಟಾದ ಚಪ್ಪಡಿಯ ಮೇಲ್ಮೈಯಲ್ಲೇ ಆ ಗಾಡಿ ಸಿಕ್ಕಿತೋ, ಬಾಲ್ಕನಿಯನ್ನು ತಲೆಕೆಳಗಾಗಿ ಕೂರಿಸಿದ್ದಾರೆ ಎಂದರ್ಥ. ನಗಬೇಡಿ. ಮೇಲಿರಬೇಕಾದ ಕಬ್ಬಿಣ ಕೆಳಗಿರುವ ಬಾಲ್ಕನಿ ಅದು, ತಕ್ಷಣ ಖಾಲಿ ಮಾಡಿಸಿ.

ಬಿಳಿ ಇಳಿಗೆರೆ ಗೋಡೆಗೆ ತಾಗಿದ ಮೂಲೆಯುದ್ದಕ್ಕೂ ಬಂದಿದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಮೇಲಿನ ಸರಳಿನ ಪಕ್ಕದಲ್ಲೇ ನೀರು ಇಳಿಯುತ್ತಿದೆ.

ಲಕ್ಷಣ: ಕೆಂಪು ಕಲೆ

ಮಲೆನಾಡಿನಲ್ಲಿ ಕೆಂಪು ಕಲೆಗೆ ಮೂರು ಅಪ್ಪಂದಿರು. ಜಂಬಿಟ್ಟಿಗೆಯ ಮಣ್ಣು, ಅಡಿಕೆಯ ಚೊಗರು, ಕಬ್ಬಿಣದ ತುಕ್ಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಣ್ಣು ಬಿಡುತ್ತದೆ. ಚೊಗರಿನ ಕಲೆ ಅಡಿಕೆ ಹರವಿದ ಮೇಲ್ಮೈಯಲ್ಲಿ, ಹರಡಿಕೊಂಡು, ಕಂದು ಕಡೆಗೆ ಇರುತ್ತದೆ. ನೀರು ಇಳಿದ ಕಡೆ ಅಂಚಿಗೂ ಬಂದಿರಬಹುದು. ತುಕ್ಕು ಒಂದು ಬಿಂದುವಿನಿಂದ ಅಥವಾ ನೇರ ಗೆರೆಯಿಂದ ಹೊರಟು ಕೆಳಗೆ ಇಳಿಯುತ್ತದೆ, ಒರೆಸಿದರೂ ಹೋಗುವುದಿಲ್ಲ, ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ.

ತುಕ್ಕೆಂದು ಖಾತ್ರಿಯಾದರೆ ಬಡಿದು ನೋಡಿ. ಹಲಸಿನಕಾಯಿ ಬಲಿತಿದೆಯೇ ಎಂದು ಬೆರಳಿನಿಂದ ತಟ್ಟಿ ಕೇಳುವ ಕಿವಿ ನಮ್ಮವರಿಗೆ ಹೇಗೂ ಇದೆ. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಾಂಕ್ರೀಟು ಠಣ್ ಎನ್ನುತ್ತದೆ. ಡಬ್ ಡಬ್ ಎಂದ ಕಡೆ ಪದರ ಬಿಟ್ಟಿದೆ. ತುಕ್ಕು ಹಿಡಿದ ಕಬ್ಬಿಣ ತನ್ನ ಮೂಲ ಗಾತ್ರದ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಕಾಂಕ್ರೀಟನ್ನು ಒಳಗಿನಿಂದ ಒದ್ದು ಹೊರಬರುವುದು ಅದಕ್ಕೇ. ಅಡಿಭಾಗ ಬಡಿಯುವಾಗ ನೇರ ಕೆಳಗೆ ನಿಲ್ಲಬೇಡಿ, ಉದ್ದ ಹಿಡಿ ಇಟ್ಟುಕೊಂಡು ಪಕ್ಕಕ್ಕಿರಿ, ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ.

ಕಾರಣ ಹೆಚ್ಚಾಗಿ ಸರಳಿನ ಮೇಲಿನ ಕಾಂಕ್ರೀಟಿನ ಹೊದಿಕೆ ಸಾಲದಿರುವುದು. ಜೋರು ಮಳೆಗೆ ತೆರೆದುಕೊಂಡು, ನೆನೆದು ಒಣಗಿ ಮತ್ತೆ ನೆನೆಯುವ ಕಾಂಕ್ರೀಟಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಕನಿಷ್ಠ 45 ಮಿ.ಮೀ. ಹೊದಿಕೆಯನ್ನೂ ಎಂ30 ದರ್ಜೆಯನ್ನೂ ಕೇಳುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಬಾಲ್ಕನಿಗೂ ಬಯಲುಸೀಮೆಯ ಬಾಲ್ಕನಿಗೂ ಒಂದೇ ಅಚ್ಚು ಬಳಸಿದರೆ ಏನಾಗಬೇಕೋ ಅದೇ ಆಗುತ್ತದೆ. ಅಂಚಿನ ಒಂದೆರಡು ಚುಕ್ಕೆಗಳಾದರೆ ಮಳೆಗಾಲ ಕಳೆದ ಮೇಲೆ ಚಕ್ಕೆ ತೆಗೆದು, ಸರಳು ಉಜ್ಜಿ, ದುರಸ್ತಿ ಗಾರೆ ಹಾಕಿಸಬಹುದು. ಗೋಡೆಯ ಸಮೀಪದ್ದಾದರೆ ನಿಮ್ಮ ಕೆಲಸ ಇಲ್ಲಿಗೆ ನಿಂತಿತು, ಇಂಜಿನಿಯರಿನದು ಶುರುವಾಯಿತು.

ಲಕ್ಷಣ: ಬಿರುಕು

ಬಿರುಕಿನ ಅಗಲಕ್ಕಿಂತ ಅದು ಎಲ್ಲಿದೆ ಎಂಬುದು ಮುಖ್ಯ. ಅಡಿಭಾಗದ ನಡುವೆ, ಕೂದಲೆಳೆಯಂತೆ, ಅಡ್ಡಾದಿಡ್ಡಿ ಇದ್ದರೆ ಬಹುಪಾಲು ಒಣಗುವಾಗ ಕುಗ್ಗಿದ್ದು, ಇಲ್ಲವೇ ಲಾರಿಯಲ್ಲಿ ತರುವಾಗ ಅಥವಾ ಎತ್ತುವಾಗ ತಪ್ಪು ಕಡೆ ಆಧಾರ ಕೊಟ್ಟಿದ್ದರಿಂದ ಬಂದದ್ದು. ಕೂರಿಸಿದ ಮೇಲೆ ಚಾಚು ಬಾಲ್ಕನಿಯ ಅಡಿಭಾಗ ಒತ್ತಡದಲ್ಲಿರುತ್ತದೆ, ಅಂಥ ಬಿರುಕು ಮುಚ್ಚಿಕೊಳ್ಳುವ ಕಡೆಗೇ ಇರುತ್ತದೆ. ಕಂಬದ ಮೇಲೆ ನಿಂತ ಅಥವಾ ತೂಗುಹಾಕಿದ ಬಾಲ್ಕನಿಗೆ ಈ ಸಮಾಧಾನ ಹೇಳಲಾಗದು. ಅಲ್ಲಿ ಎಳೆತ ಇರುವುದೇ ಅಡಿಯಲ್ಲಿ.

ಪ್ಲಾಸ್ಟರಿಂಗ್ ಮೇಲೆ ಬಾಲ್ಕನಿ ಮತ್ತು ಗೋಡೆ ಸೇರುವ ಗೆರೆಯಲ್ಲಿ ಸಣ್ಣ ಬಿರುಕು ಎಲ್ಲರ ಮನೆಯಲ್ಲೂ ಇರುತ್ತದೆ. ಎರಡು ಬೇರೆ ವಸ್ತುಗಳು ಬೇರೆ ಬೇರೆಯಾಗಿ ಹಿಗ್ಗುತ್ತವೆ, ಅಷ್ಟೇ. ಒಂದಂಗುಲ ಪ್ಲಾಸ್ಟರ್ ಕೆರೆದು ನೋಡಿ. ಹಿಂದಿನ ಕಾಂಕ್ರೀಟು ಸರಿಯಿದ್ದರೆ ಅದು ಸೀಲೆಂಟಿನ ಕೆಲಸ.

ಹೆದರಬೇಕಾದದ್ದು ಮೇಲ್ಮೈಯ, ಗೋಡೆಗೆ ಸಮಾನಾಂತರವಾದ ಬಿರುಕಿಗೆ. ಟೈಲ್ಸ್ ಇದ್ದರೆ ಅದು ನೇರವಾಗಿ ಕಾಣದು. ಗೋಡೆಯಿಂದ ಮೊದಲ ಅಥವಾ ಎರಡನೆಯ ಸಾಲಿನ ಟೈಲ್ಸಿನ ಸಂದು ಉದ್ದಕ್ಕೂ ಒಡೆದಿರುತ್ತದೆ, ಟೈಲ್ಸೇ ಸೀಳಿರುತ್ತದೆ, ತಟ್ಟಿದರೆ ಟೊಳ್ಳು ಸದ್ದು. ಒಂದು ಟೈಲ್ಸು ಒಡೆದರೆ ಏನೋ ಬಿದ್ದಿರಬಹುದು. ನಾಲ್ಕು ಟೈಲ್ಸು ಒಂದೇ ಗೆರೆಯಲ್ಲಿ ಒಡೆಯಲು ಪಾತ್ರೆ ಬೀಳುವುದಿಲ್ಲ.

ಬಾಗಿಲಲ್ಲೇ ಕುಳಿತು, ಭಾರ ಹಾಕದೆ, ಬಿರುಕಿನ ಎರಡು ತುದಿಗೂ ಪೆನ್ಸಿಲಿನಿಂದ ಅಡ್ಡಗೀಟು ಎಳೆದು ದಿನಾಂಕ ಬರೆಯಿರಿ. ಪಕ್ಕದಲ್ಲಿ ಶಾಲೆಯ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಐಎಸ್ 456ರಂತೆ ಸಾಮಾನ್ಯ ಜಾಗದಲ್ಲಿ ಬಿರುಕು 0.3 ಮಿ.ಮೀ. ಮೀರಬಾರದು, ಸದಾ ತೇವದಲ್ಲಿರುವ ಕಡೆ 0.2. ಎ4 ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ.; ಮೂರು ಹಾಳೆ ಒಟ್ಟಿಗೆ ಬಿರುಕಿನೊಳಗೆ ಹೊಗುವಂತಿದ್ದರೆ ಬಾಗಿಲು ಮುಚ್ಚಿ ಇಂಜಿನಿಯರಿಗೆ ಫೋನು ಮಾಡಿ. ಅದಕ್ಕಿಂತ ಸಣ್ಣದಾದರೂ ಗೀಟು ದಾಟಿ ಬೆಳೆದಿದ್ದರೆ ಅದೇ ಫೋನು. ಅಲ್ಲಿಯವರೆಗೆ ಸಿಮೆಂಟು ಹಾಲು ತುಂಬಿ ಮುಚ್ಚಬೇಡಿ, ಓದಬೇಕಾದ ಪತ್ರವನ್ನು ಅಂಟಿಸಿಟ್ಟಂತೆ ಆಗುತ್ತದೆ.

ಲಕ್ಷಣ: ನಡೆದರೆ ನಡುಗುತ್ತದೆ

ಮೇಲಿನ ಯಾವ ಅಪಾಯದ ಗುರುತೂ ಇಲ್ಲವೆಂದು ನೋಡಿಕೊಂಡ ಮೇಲಷ್ಟೇ ಇದು. ಬಾಲ್ಕನಿಯ ನೆಲದ ಮೇಲೆ ಒಂದು ಚೊಂಬು ತುಂಬ ನೀರಿಡಿ. ಒಬ್ಬರು ಕಟಾಂಜನವನ್ನು ಕೈಯಿಂದ ಅಲುಗಿಸಲಿ. ಕಟಾಂಜನ ಅಲುಗಿ ನೀರು ಸುಮ್ಮನಿದ್ದರೆ ತೊಂದರೆ ಕಟಾಂಜನದ ಬುಡದಲ್ಲಿದೆ. ಕಂಬಿಯನ್ನು ನೆಟ್ಟ ಗುಳಿಯಲ್ಲಿ ನೀರು ನಿಂತು ತುಕ್ಕು ಹಿಡಿದಿರುತ್ತದೆ. ಎತ್ತರ 1 ಮೀಟರಿಗಿಂತ ಕಡಿಮೆಯಿದ್ದರೆ ಅದನ್ನೂ ಈಗಲೇ ಸರಿಪಡಿಸಿಕೊಳ್ಳಿ. ಮಳೆ ತಡೆಯಲೆಂದು ಕಟಾಂಜನಕ್ಕೆ ಪೈಪು ಕಟ್ಟಿ ಶೀಟು ಹೊದಿಸಿದವರು ಮೊದಲು ಶೀಟು ಬಿಚ್ಚಿ. ಗಾಳಿಗೆ ಅದು ಹಾಯಿಯಂತೆ ಎಳೆಯುತ್ತದೆ.

ಒಬ್ಬರು ಸಾಧಾರಣವಾಗಿ ನಡೆದಾಗ ನೀರಿನಲ್ಲಿ ಸಣ್ಣ ಅಲೆ ಎದ್ದು ಕೂಡಲೇ ನಿಂತರೆ ಅದು ಚಾಚು ಬಾಲ್ಕನಿಯ ಸ್ವಭಾವ. ಹೋದ ವರ್ಷ ಇಲ್ಲದ ನಡುಕ ಈ ವರ್ಷ ಬಂದಿದ್ದರೆ ಸ್ವಭಾವವಲ್ಲ.

ಲಕ್ಷಣ: ಹೊರ ಅಂಚು ತಗ್ಗಿದೆ ಎಂಬ ಅನುಮಾನ

ಒಳ್ಳೆಯ ಸೂಚನೆ ನೀರೇ ಕೊಡುತ್ತದೆ. ಮೊದಲು ಮೂಲೆಯ ಕೊಳವೆಗೆ ಹೋಗುತ್ತಿದ್ದ ನೀರು ಈಗ ಹೊರ ಅಂಚಿನ ನಡುವೆ ನಿಲ್ಲುತ್ತಿದ್ದರೆ ತುದಿ ಇಳಿದಿರಬಹುದು. ಗಾರೆಯವರು ಬಳಸುವ ನೀರಿನ ಲೆವೆಲ್ ಟ್ಯೂಬ್ ತಂದು, ಒಂದು ತುದಿ ಒಳಗೋಡೆಯ ಗುರುತಿಗೆ, ಇನ್ನೊಂದು ತುದಿ ಕಟಾಂಜನದ ಬುಡಕ್ಕೆ ಹಿಡಿದು ಅಳೆಯಿರಿ. ಬೆಳಗ್ಗೆ ಬಿಸಿಲು ತಾಗುವ ಮೊದಲು ಅಳೆಯಬೇಕು, ಪ್ರತಿಸಲವೂ ಅದೇ ಹೊತ್ತಿಗೆ. ಮಧ್ಯಾಹ್ನದ ಬಿಸಿಲಿಗೆ ಮೇಲ್ಮೈ ಹಿಗ್ಗಿ ತುದಿ ತಾನಾಗಿ ತುಸು ಬಾಗುತ್ತದೆ. ಹೊಸ ಬಾಲ್ಕನಿ ಮೊದಲ ಒಂದೆರಡು ವರ್ಷ ಸ್ವಲ್ಪ ಇಳಿದು ಆಮೇಲೆ ನಿಧಾನವಾಗುವುದು ಸಹಜ. ಐದು ವರ್ಷದ ಬಾಲ್ಕನಿ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಸಹಜವಲ್ಲ.

ಮೇಲೆ ಏನು ಹೇರಿದ್ದೀರಿ ಎಂದು ಒಮ್ಮೆ ನೋಡಿ. ವಾಸದ ಮನೆಯ ಬಾಲ್ಕನಿಗೆ ಮಾನಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ 3 ಕಿಲೋನ್ಯೂಟನ್, ಸುಮಾರು 300 ಕೆ.ಜಿ. ಒಂದು ಚದರ ಮೀಟರಿನಲ್ಲಿ ಅಡಿಕೆ ಮೂಟೆ ಎರಡು ಪಕ್ಕಪಕ್ಕ ಇಟ್ಟು ನಾಲ್ಕು ಸಾಲು ಪೇರಿಸಿದರೆ, ಮೂಟೆಗೆ 60 ಕೆ.ಜಿ. ಹಿಡಿದರೂ 480 ಕೆ.ಜಿ. ಮಳೆಗಾಲದ ಕಟ್ಟಿಗೆ, 500 ಲೀಟರಿನ ಟ್ಯಾಂಕು, ನೆನೆದ ಮಣ್ಣಿನ ಹೂಕುಂಡಗಳ ಸಾಲು ಹೊರ ಅಂಚಿಗೆ ಬಂದಷ್ಟೂ ಸನ್ನೆಗೋಲು ಉದ್ದವಾಗುತ್ತದೆ. ಇಳಿಸಿದ ಮೇಲೆ ವಾರ ಬಿಟ್ಟು ಮತ್ತೆ ಅಳೆಯಿರಿ.

ತಗ್ಗಿದ ಬಾಲ್ಕನಿಯ ಮುಂದಿನ ಅಂಚಿಗೆ ಒಂದು ಇಟ್ಟಿಗೆ ಕಂಬ ಕಟ್ಟಿಬಿಡುವುದು ಊರಿನ ಮೇಸ್ತ್ರಿಗಳ ಅಚ್ಚುಮೆಚ್ಚಿನ ಪರಿಹಾರ. ಚಾಚು ಬಾಲ್ಕನಿಯ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿರುತ್ತದೆ. ತುದಿಗೆ ಕಂಬ ಕೊಟ್ಟೊಡನೆ ನಡುವೆ ಎಳೆತ ಅಡಿಭಾಗಕ್ಕೆ ಬರುತ್ತದೆ, ಅಲ್ಲಿ ಇರುವುದು ತೆಳು ಜಾಲರಿ. ಜೊತೆಗೆ ಆ ಕಂಬದ ಬುಡ ನೆನೆದ ಮಣ್ಣಿನಲ್ಲಿ ಕುಸಿದರೆ ಕಂಬವೇ ಬಾಲ್ಕನಿಗೆ ಹೊರೆ. ತಾತ್ಕಾಲಿಕ ಉಕ್ಕಿನ ಜಾಕುಗಳನ್ನು ಇಂಜಿನಿಯರ್ ಹೇಳಿದ ಸಾಲಿನಲ್ಲಿ, ದಪ್ಪ ಹಲಗೆಯ ಮೇಲೆ, ಬರೀ ತಾಗುವಷ್ಟು ಬಿಗಿ ಮಾಡಬೇಕು. ಮೇಲಕ್ಕೆತ್ತಲು ಹೋದರೆ ಬಿರುಕು ಇನ್ನೊಂದು ಕಡೆ ಹುಟ್ಟುತ್ತದೆ.

ಲಕ್ಷಣ: ಬ್ರಾಕೆಟ್ಟು, ಬೋಲ್ಟು ಸರಿಯಿಲ್ಲ

ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದೇ ನೇರ ಗೆರೆ ಎಳೆದಿಡಿ. ಮುಂದಿನ ಸಲ ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ. ಖರ್ಚಿಲ್ಲದ ಉಪಾಯ, ಬೈನಾಕ್ಯುಲರ್ ಇದ್ದರೆ ಅಂಗಳದಿಂದಲೇ ಓದಬಹುದು.

ಸಡಿಲವಾದ ನಟ್ಟನ್ನು ಕೈಗೆ ಸಿಕ್ಕ ಸ್ಪ್ಯಾನರಿಗೆ ಪೈಪು ತೊಡಿಸಿ ಬಿಗಿಯಬೇಡಿ. ತಿರುಗಿಸಿದಷ್ಟೂ ತಿರುಗುತ್ತಿದ್ದರೆ ಬೋಲ್ಟೇ ಒಳಗೆ ಹಿಡಿತ ಬಿಟ್ಟಿದೆ, ಕೈ ತೆಗೆಯಿರಿ. ಅಂಟು ತುಂಬಿ ಕೂರಿಸುವ ಆಂಕರ್ ಬೋಲ್ಟುಗಳಲ್ಲಿ ನಾನು ಕಂಡ ಮುಖ್ಯ ದೋಷ ತೂತಿನ ದೂಳು. ಊದಿ, ಬ್ರಷ್ ಹಾಕಿ, ಮತ್ತೆ ಊದಬೇಕಾದ ಕೆಲಸವನ್ನು ಒಂದು ಊದಿಗೆ ಮುಗಿಸಿದರೆ ಅಂಟು ಹಿಡಿಯುವುದು ದೂಳನ್ನು, ಕಾಂಕ್ರೀಟನ್ನಲ್ಲ. ಮಳೆಗಾಲದಲ್ಲಿ ಕೊರೆದ ಒದ್ದೆ ತೂತಿಗೆ ಒಣ ತೂತಿನ ಅಂಟು ಹಾಕಿದ್ದು ಇನ್ನೊಂದು. ಅನುಮಾನವಿದ್ದರೆ ಎಳೆದು ಪರೀಕ್ಷಿಸುವ ಯಂತ್ರ ತರಿಸಿ. ಸ್ಟೇನ್‌ಲೆಸ್ ಬೋಲ್ಟನ್ನು ಸಾದಾ ಉಕ್ಕಿನ ಪ್ಲೇಟಿಗೆ ಹಾಕಿದ್ದರೆ ಸುತ್ತಲಿನ ಪ್ಲೇಟು ಬೇಗ ತುಕ್ಕು ಹಿಡಿಯುತ್ತದೆ, ಬೋಲ್ಟು ಮಾತ್ರ ಹೊಸದರಂತೆ ಹೊಳೆಯುತ್ತದೆ. ಹೊಳಪಿಗೆ ಮೋಸಹೋಗಬೇಡಿ.

ಇಂಜಿನಿಯರ್ ಬಂದಾಗ

ಬಣ್ಣದ ಕಂಪನಿಯ ಪ್ರತಿನಿಧಿಯಲ್ಲ, ರಚನಾ ಇಂಜಿನಿಯರೇ ಬೇಕು. ಸರಳು ಎಷ್ಟು ಆಳದಲ್ಲಿದೆ ಎಂದು ಗುರುತಿಸುವ ಉಪಕರಣ ತರುತ್ತೀರಾ ಎಂದು ಮೊದಲೇ ಕೇಳಿ. ಮೇಲಿನ ಕಬ್ಬಿಣ ನಿಜವಾಗಿ ಮೇಲಿದೆಯೇ ಎಂಬುದು ಟೈಲ್ಸು ಒಡೆಯದೆ ಗೊತ್ತಾಗುವುದು ಅದರಿಂದಲೇ. ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದಾಗ ಹೊಸದಾಗಿ ಒಡೆದ ಕಾಂಕ್ರೀಟು ಗುಲಾಬಿಯಾದರೆ ಸರಳಿಗೆ ಇನ್ನೂ ರಕ್ಷಣೆ ಇದೆ, ಬಣ್ಣ ಬರದಿದ್ದರೆ ಆ ಆಳದವರೆಗೆ ರಕ್ಷಣೆ ಹೋಗಿದೆ. ನಿಮ್ಮ ಪೆನ್ಸಿಲ್ ಗುರುತು, ದಿನಾಂಕ, ಫೋಟೊಗಳನ್ನು ಮುಂದಿಡಿ. ಅರ್ಧ ದಿನದ ಕೆಲಸ ಉಳಿಯುತ್ತದೆ.

ಅಂಟು, ಸೀಲೆಂಟು, ದುರಸ್ತಿ ಗಾರೆ ಯಾವುದನ್ನೂ ಆಶ್ಲೇಷಾ ಮಳೆಯ ನಡುವೆ ಮಾಡಿಸಬೇಡಿ. ದೀಪಾವಳಿ ಕಳೆದು ಗೋಡೆ ಒಣಗಲಿ. ಅಲ್ಲಿಯವರೆಗೆ ಸೋರುವ ಕಡೆಗೆ ಟಾರ್ಪಾಲನ್ನೋ ಸೋಗೆಯ ತಟ್ಟಿಯನ್ನೋ ಕಟಾಂಜನಕ್ಕಲ್ಲ, ಮನೆಯ ಗೋಡೆಗೆ ಕಟ್ಟಿ. ಬಿರುಕಿನ ಅನುಮಾನವಿರುವ ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಮನೆಯ ಹಿರಿಯರ ಸೊಂಟದಲ್ಲಿರಲಿ. ಬಟ್ಟೆ ಒಣಹಾಕಲು ಒಂದು ನಿಮಿಷ ಎಂದು ಕೇಳುವವರಿಗೂ ಕೊಡಬಾರದು.